ಆರು ತಿಂಗಳು ಅಂಟುವಾಳ ಕಾಯಿಯಲ್ಲೇ ಬಟ್ಟೆ ಒಗೆದೆ, ಹೇಗಿತ್ತು ಅಂದರೆ...

ಕೆ.ಆರ್. ಮಾರ್ಕೆಟ್ ಹತ್ತಿರದ ಒಂದು ಗ್ರಂಧಿಗೆ ಅಂಗಡಿಯಲ್ಲಿ ಅಂಟುವಾಳ ಕಾಯಿ ತಂದು ಆರು ತಿಂಗಳಾಯಿತು. ಬೀಜ ತೆಗೆದ ಸಿಪ್ಪೆ, ಕಿಲೋಗೆ 180 ರೂಪಾಯಿ ಕೊಟ್ಟೆ. "ಬೀಜ ಇರೋದು ಕಮ್ಮಿಗೆ ಸಿಗುತ್ತಕ್ಕಾ, ಆದರೆ ತೂಕಕ್ಕೆಲ್ಲ ಬೀಜವೇ ಹೋಗುತ್ತೆ" ಎಂದು ಅಂಗಡಿಯವರೇ ಹೇಳಿದರು. ಅವರ ಮಾತು ನಿಜ. ನೊರೆ ಬರುವುದು ಸಿಪ್ಪೆಯಲ್ಲಿರುವ ಸಪೋನಿನ್‌ನಿಂದ, ಬೀಜದಿಂದ ಏನೂ ಸಿಗುವುದಿಲ್ಲ. ಬಟ್ಟೆ ಚೀಲ ಒಯ್ದಿದ್ದೆ, ಅದಕ್ಕೇ ಸುರಿದು ಕೊಟ್ಟರು. ಪ್ಲಾಸ್ಟಿಕ್ಕಿನ ಮಾತೇ ಬರಲಿಲ್ಲ.

ಇದಕ್ಕೂ ಮುಂಚೆ 'ಪರಿಸರಸ್ನೇಹಿ' ಎಂದು ಬರೆದಿದ್ದ ಒಂದು ಲಿಕ್ವಿಡ್ ತರಿಸಿದ್ದೆ. ಕಂಪನಿ ಹೆಸರು ಬೇಡ. ಡಬ್ಬದೊಳಗೆ ಡಬ್ಬ, ಅದರೊಳಗೆ ದಪ್ಪ ಪ್ಲಾಸ್ಟಿಕ್ ಬಾಟಲಿ, ಒಳಗಿರುವುದರಲ್ಲಿ ಮುಕ್ಕಾಲುಪಾಲು ನೀರು. ನಮ್ಮ ಮನೆಯ ನಲ್ಲಿಯಲ್ಲೇ ಬರುವ ನೀರನ್ನು ಲಾರಿಯಲ್ಲಿ ಹೇರಿಕೊಂಡು ಊರೂರು ದಾಟಿಸಿ ತರುವುದು ಯಾವ ಉಳಿತಾಯ ಹೇಳಿ? ನನಗೆ ನಿಜವಾಗಲೂ ಬೇಜಾರಾಯಿತು. ಹಾಗೆ ನೋಡಿದರೆ ಸಾದಾ ಪುಡಿಯೇ ವಾಸಿ. ಆದರೆ ಸಾಮಾನ್ಯ ಡಿಟರ್ಜೆಂಟ್ ಪುಡಿಯಲ್ಲಿ ಕೊಳೆ ಬಿಡಿಸುವ ಮುಖ್ಯ ರಾಸಾಯನಿಕ ತಯಾರಾಗುವುದು ಪೆಟ್ರೋಲಿಯಂನಿಂದಲೇ, ಸೀಮೆಎಣ್ಣೆ ಮತ್ತು ಬೆಂಜೀನ್ ಅದರ ಮೂಲ. ಅದೂ ಅಲ್ಲದೆ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದು ಸ್ಕೂಟರ್ ಮೇಲೆ ಕೂರುತ್ತಿದ್ದ ದಿನಗಳನ್ನು ನಾನು ನೋಡಿದ್ದೇನೆ. ಆ ನೊರೆಯಲ್ಲಿ ನಮ್ಮೆಲ್ಲರ ಬಚ್ಚಲಿನ ಪಾಲೂ ಇತ್ತು.

ಅಂಟುವಾಳ ನಮಗೆ ಹೊಸದೇನಲ್ಲ. ನಮ್ಮತ್ತೆ ರೇಷ್ಮೆ ಸೀರೆಗೆ, ಬಂಗಾರದ ಸರ ತೊಳೆಯುವುದಕ್ಕೆ ಇದನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆಯ ಜೊತೆಗೆ ಇದನ್ನೂ ಕಾಡಿನಿಂದ ಆರಿಸಿ ತರುತ್ತಾರೆ. ನಾನು ತಂದದ್ದು ಅಲ್ಲಿನದೇ ಅಂತ ಹೇಳಲಾರೆ, ಆದರೂ ಮರದಿಂದ ಬಿದ್ದು, ಬಿಸಿಲಲ್ಲಿ ಒಣಗಿ, ನೇರ ಚೀಲಕ್ಕೆ ಬರುವ ವಸ್ತು ಇದು, ಕಾರ್ಖಾನೆ ಬೇಕಿಲ್ಲ.

ಬಳಸುವ ರೀತಿ ಸರಿಯಾಗಿ ಕೈಗೆ ಹತ್ತಲು ನನಗೆ ಒಂದು ತಿಂಗಳು ಹಿಡಿಯಿತು. ಸಣ್ಣ ಬಟ್ಟೆ ಚೀಲಕ್ಕೆ ಸಿಪ್ಪೆ ತುಂಬಿ ಮೆಷಿನ್‌ಗೆ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ತಣ್ಣೀರಿನಲ್ಲಿ ಅದು ಅರ್ಧಂಬರ್ಧ ಬಿಟ್ಟುಕೊಳ್ಳುತ್ತದೆ ಅಷ್ಟೆ, ಬಟ್ಟೆ ಸುಮ್ನೆ ನೀರಲ್ಲಿ ಅದ್ದಿ ತೆಗೆದ ಹಾಗೆ ಇರುತ್ತದೆ. ಕುದಿಸಿದರೆ ಚೆನ್ನಾಗಿ ಬಿಡುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಮಾಡಲು ಹೊರಟು ಇಪ್ಪತ್ತು ನಿಮಿಷ ಗ್ಯಾಸ್ ಉರಿಸುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಈಗ ರಾತ್ರಿ ಒಂದು ಹಿಡಿ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ನೆನೆಹಾಕುತ್ತೇನೆ, ಬೆಳಿಗ್ಗೆ ಹುಣಸೆಹಣ್ಣು ಕಿವುಚಿದಂತೆ ಚೆನ್ನಾಗಿ ಕಿವುಚಿ ಸೋಸುತ್ತೇನೆ. ಆ ರಸ ಒಂದೂವರೆ ಲೋಟ ಹಾಕಿದರೆ ಒಂದು ಮೆಷಿನ್ ಬಟ್ಟೆಗೆ ಸಾಕು. ಅದೇ ಸಿಪ್ಪೆ ಇನ್ನೊಂದು ಸಲಕ್ಕೂ ಬರುತ್ತದೆ, ಆಮೇಲೆ ಹಿತ್ತಾಳೆ ದೀಪ ಉಜ್ಜಿ ಗೊಬ್ಬರದ ಡಬ್ಬಕ್ಕೆ ಹಾಕುತ್ತೇನೆ. ಕಿವುಚುವಾಗ ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳಿ, ತುಂಬಾ ಉರಿಯುತ್ತದೆ. ಸೋಸಿದ ರಸವನ್ನು ಹೊರಗಿಟ್ಟರೆ ಮೂರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಹಾಗಾಗಿ ಬೇಕಾದಷ್ಟೇ ಮಾಡಿಕೊಳ್ಳಿ.

ಫಲಿತಾಂಶ ಏನು ಅಂದರೆ, ದಿನ ಉಡುವ ಹತ್ತಿ ಬಟ್ಟೆ, ಚೂಡಿದಾರ್, ಹಾಸಿಗೆ ಹೊದಿಕೆ, ಟವೆಲ್ ಇವೆಲ್ಲ ಚೆನ್ನಾಗಿ ಶುಭ್ರವಾಗುತ್ತವೆ. ಟವೆಲ್ ಅಂತೂ ಮೊದಲಿಗಿಂತ ಮೆತ್ತಗಿದೆ, ಫ್ಯಾಬ್ರಿಕ್ ಕಂಡಿಷನರ್ ತರುವುದನ್ನೇ ನಿಲ್ಲಿಸಿದೆ. ವಾಸನೆ ಏನೂ ಇರುವುದಿಲ್ಲ. ಪೌಡರಿನ ಘಮ ಬೇಕು ಅನ್ನುವವರಿಗೆ ಮೊದಮೊದಲು ಏನೋ ಕಮ್ಮಿ ಅನಿಸಬಹುದು. ಆಗದೇ ಇರುವ ಕೆಲಸವೂ ಇದೆ. ಮಗನ ಸ್ಕೂಲ್ ಸಾಕ್ಸ್, ಶರ್ಟಿನ ಕಾಲರ್, ಎಣ್ಣೆ ಹಿಡಿದ ಅಡಿಗೆಮನೆ ಬಟ್ಟೆ, ಇವು ಅಂಟುವಾಳಕ್ಕೆ ಬಗ್ಗುವುದಿಲ್ಲ. ಅವಕ್ಕೆ ಬಾರ್ ಸೋಪು ಹಚ್ಚಿ ಬ್ರಷ್‌ನಲ್ಲಿ ಉಜ್ಜಲೇಬೇಕು. ಬಿಳಿ ಬಟ್ಟೆ ನಾಲ್ಕೈದು ಸಲ ಒಗೆದ ಮೇಲೆ ಸ್ವಲ್ಪ ಹಳದಿಗೆ ತಿರುಗಿತು, ರಸವೇ ಕಂದು ಬಣ್ಣ ಅಲ್ವಾ, ಹಾಗಾಗಿ ಪಂಚೆ, ಬನಿಯನ್‌ಗಳನ್ನು ವಾಷಿಂಗ್ ಸೋಡಾ ಹಾಕಿ ಬೇರೆಯೇ ಒಗೆಯುತ್ತೇನೆ.

ಇಷ್ಟೆಲ್ಲ ಮಾಡುವಾಗ ನನಗೆ ಗೊತ್ತಾದ ದೊಡ್ಡ ವಿಷಯ ಇನ್ನೊಂದು. ನಮ್ಮದು ಮುಂದೆ ಬಾಗಿಲಿರುವ ಮೆಷಿನ್. ಕಾಟನ್ ಎಂದು ಒತ್ತಿದರೆ ತಾನೇ 60 ಡಿಗ್ರಿಗೆ ನೀರು ಕಾಯಿಸುತ್ತಿತ್ತು, ನಾನು ವರ್ಷಗಟ್ಟಲೆ ಅದನ್ನು ಗಮನಿಸಿಯೇ ಇರಲಿಲ್ಲ. ಲೆಕ್ಕ ಹಾಕಿದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 0.6 ಯೂನಿಟ್ ಕರೆಂಟ್ ಬೇಕು. ವಾರಕ್ಕೆ ನಾಲ್ಕು ಸಲ ಅಂದರೆ ವರ್ಷಕ್ಕೆ ಸುಮಾರು 125 ಯೂನಿಟ್. ನಮ್ಮ ದೇಶದ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 700 ಗ್ರಾಂ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಇದೆ, ಬಹುಪಾಲು ಕಲ್ಲಿದ್ದಲಿನ ಕರೆಂಟ್ ಆದ್ದರಿಂದ. ಗುಣಿಸಿ ನೋಡಿದರೆ 85 ಕಿಲೋ ದಾಟುತ್ತದೆ. ಈಗ ತಣ್ಣೀರು ಗುಂಡಿ ಒತ್ತುತ್ತೇನೆ, ಬಟ್ಟೆ ತಾರಸಿಯ ಬಿಸಿಲಿಗೆ ಹೋಗುತ್ತದೆ. ಅಂಟುವಾಳ ತರದಿದ್ದರೂ ಇದೊಂದನ್ನು ಇವತ್ತೇ ಮಾಡಿ, ದುಡ್ಡು ಖರ್ಚಿಲ್ಲ.

ನೀರಿನ ವಿಷಯವೂ ಹಾಗೇ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ಒಟ್ಟು 500 ಮೀಟರಿನಷ್ಟು ಮೇಲಕ್ಕೆ ಎತ್ತಿಕೊಂಡು. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪಿನ ನಷ್ಟ ಬಿಟ್ಟೇ, ಒಂದೂಕಾಲು ಯೂನಿಟ್‌ಗಿಂತ ಜಾಸ್ತಿ ಬೇಕು. ಅಂಟುವಾಳದ ನೊರೆ ಬೇಗ ಹೋಗುತ್ತದೆ, ಒಂದು ಜಾಲಾಡುವಿಕೆ ಸಾಕು. ಮೊದಲು ಮೂರು ಸಲ ಜಾಲಾಡಿಸುತ್ತಿದ್ದೆ. ಈ ಉಳಿತಾಯವನ್ನು ಯಾವ ಪ್ಯಾಕೆಟ್ ಮೇಲೂ ಬರೆದಿರುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಗಿಡದಿಂದ ಬಂದದ್ದು ಅಂತ ಒಗೆದ ನೀರನ್ನು ನೇರ ಕೆರೆಗೋ ಹಳ್ಳಕ್ಕೋ ಬಿಡಬೇಡಿ, ಸಪೋನಿನ್ ಮೀನುಗಳಿಗೆ ವಿಷ. ನಾನು ಕೊನೆಯ ಜಾಲಾಡಿದ ನೀರನ್ನು ದಾಸವಾಳ, ಬಾಳೆಗೆ ಹಾಕುತ್ತೇನೆ, ಇದುವರೆಗೆ ಗಿಡಗಳು ಚೆನ್ನಾಗಿವೆ.

ತಂದ ಒಂದು ಕಿಲೋ ನಾಲ್ಕು ತಿಂಗಳು ಬಂತು, ಎರಡನೇ ಕಿಲೋ ನಡೆಯುತ್ತಿದೆ. ಅಂಗಡಿಗೆ ಹೋದರೆ ಒಂದು ಸಿಪ್ಪೆ ಬೆರಳಲ್ಲಿ ಒತ್ತಿ ನೋಡಿ. ಸ್ವಲ್ಪ ಅಂಟಂಟಾಗಿ, ಜೇನಿನ ಬಣ್ಣಕ್ಕೆ ಹೊಳೆಯುತ್ತಿದ್ದರೆ ತೆಗೆದುಕೊಳ್ಳಿ, ಪುಡಿಪುಡಿಯಾಗಿ ಹುಳ ಹಿಡಿದಿದ್ದರೆ ಬೇಡ. ಮಳೆಗಾಲದಲ್ಲಿ ಬೇಗ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ, ತಂದ ದಿನವೇ ಬಿಸಿಲಿಗೆ ಹಾಕಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ತುಂಬಿಡಿ.