ಆರಡಿ ಮೂರಂಗುಲದವನಿಗೂ ಒಗ್ಗಿದ ಸೈಕಲ್

ನನ್ನ ಎತ್ತರ 6 ಅಡಿ 3 ಅಂಗುಲ, ತೂಕ 118 ಕಿಲೊ. ಹಿಂದಿನ ಸೈಕಲ್ಲಿನಲ್ಲಿ ಹಿಂಬದಿ ಚಕ್ರದ ಸ್ಪೋಕ್‌ಗಳು ಪಟಪಟನೆ ಮುರಿಯುತ್ತಿದ್ದವು. ರಿಪೇರಿಯವನಿಗೆ ನಾನು ಅಚ್ಚುಮೆಚ್ಚಿನ ಗಿರಾಕಿಯಾಗಿದ್ದೆ. ಹಾಗಾಗಿ ಈ ಸಲ ಬಣ್ಣ, ಗೇರುಗಳ ಗೊಡವೆಗೆ ಹೋಗದೆ ಚಕ್ರವನ್ನೇ ನೋಡಿದೆ: 36 ಸ್ಪೋಕ್, ಡಬಲ್ ವಾಲ್ ಅಂದರೆ ಎರಡು ಪದರದ ರಿಮ್, ಎರಡಂಗುಲ ಅಗಲದ ಟೈರ್. ಗುಂಡಿಗೆ ಇಳಿಸಿದರೂ ರಿಮ್ ಡೊಂಕಾಗಿಲ್ಲ. ಉಕ್ಕಿನ ಫ್ರೇಮ್ ಮೆಟ್ಟಿಲು ಹತ್ತಿಸುವಾಗ ಬೆವರಿಳಿಸುತ್ತದೆ, ನಿಜ. ಆದರೆ ಅಳತೆ ದೊಡ್ಡದು; ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ಬಡಿಯುವುದಿಲ್ಲ, ಸೀಟಿನ ಕಂಬವನ್ನು ಅದರ ಮೇಲಿನ ಎಚ್ಚರಿಕೆಯ ಗೆರೆ ಹೊರಗೆ ಕಾಣುವಷ್ಟು ಎಳೆಯಬೇಕಾಗಿಲ್ಲ. ಮುಂದೆ ಸಸ್ಪೆನ್ಷನ್ ಇಲ್ಲ, ಬೇಕಾಗಿಯೂ ಇಲ್ಲ; ಅಗ್ಗದ ಸ್ಪ್ರಿಂಗು ನನ್ನ ಭಾರಕ್ಕೆ ಕುಗ್ಗಿ ಕೂರುತ್ತದೆ. ಜೊತೆಗೆ ಬಂದ ಸೀಟು ಮಾತ್ರ ಬರೀ ಸ್ಪಂಜಿನ ಮುದ್ದೆ. ಅದನ್ನು ಕಿತ್ತು ಅಗಲವಾದ, ಗಟ್ಟಿಯಾದದ್ದನ್ನು ಹಾಕಿಸಿದ್ದೇನೆ.