ನಾಲ್ಕು ವರ್ಷ ಬಳಸಿದ ಕಥೆ ಆ್ಯಪ್: ಮಾಡರೇಟರ್‌ಗಳು ಇದ್ದಾರೆ, ಹೆಸರಿಗೆ

ಐದಕ್ಕೆ ಎರಡು ಸ್ಟಾರ್. ಮೊದಲ ವರ್ಷ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಐದು ಕೊಡುತ್ತಿದ್ದೆ.

ಸಣ್ಣಕಥೆ ಬರೆದು ಹಾಕುವುದು, ಒಬ್ಬರದನ್ನು ಇನ್ನೊಬ್ಬರು ಓದಿ ಅಭಿಪ್ರಾಯ ಹೇಳುವುದು, ಅದಕ್ಕೇ ಇರುವ ಆ್ಯಪ್ ಇದು. ಹೆಸರು ಹಾಕುತ್ತಿಲ್ಲ, ಬಳಸುವವರಿಗೆ ಗೊತ್ತಾಗುತ್ತದೆ. ಡ್ರಾಫ್ಟ್ ತಾನಾಗಿಯೇ ಸೇವ್ ಆಗುತ್ತದೆ, ಡಾರ್ಕ್ ಮೋಡ್ ಇದೆ, ಬರೆದದ್ದು ಒಮ್ಮೆಯೂ ಹಾರಿಹೋಗಿಲ್ಲ. ಆ್ಯಪ್ ಬಗ್ಗೆ ಇಷ್ಟು ಸಾಕು.

ನನ್ನ ಮೊದಲ ಕಥೆಗೆ ಒಬ್ಬ ಮಾಡರೇಟರ್, ಅಂದರೆ ಅಲ್ಲಿನ ಬರಹ, ಕಮೆಂಟ್‌ಗಳ ಮೇಲೆ ಕಣ್ಣಿಡುವವರು, ಹೀಗೆ ಬರೆದಿದ್ದರು: "ಮೂರನೇ ಪ್ಯಾರಾದಿಂದ ಶುರು ಮಾಡಿ. ಮೊದಲ ಎರಡು ನೀವು ಕಥೆಯೊಳಗೆ ಇಳಿಯೋಕೆ ಬರೆದುಕೊಂಡಿದ್ದು, ಓದುವವರಿಗಲ್ಲ." ಬೇಜಾರಾಯಿತು. ರಾತ್ರಿ ಆ ಎರಡು ಪ್ಯಾರಾ ತೆಗೆದು ಓದಿದೆ. ಅವರು ಹೇಳಿದ್ದೇ ಸರಿ. ಅವರು ಹಾಗೆ ಬರೆಯುತ್ತಿದ್ದರಿಂದ ಉಳಿದವರೂ ಹಾಗೇ ಬರೆಯುತ್ತಿದ್ದರು. ಯಾವ ಸಾಲಿನಲ್ಲಿ ಎಡವಿದೆವು, ಯಾರ ಮಾತು ಬಾಯಿಗೆ ಬರುವ ಹಾಗಿಲ್ಲ, ಎಲ್ಲ ಹೇಳುತ್ತಿದ್ದರು. ಎರಡನೇ ವರ್ಷ ಅವರು ಬಿಟ್ಟರು. ಅವರ ಜಾಗಕ್ಕೆ ಮೂರು ಹೆಸರು ಬಂದವು. ಹೆಸರು ಮಾತ್ರ.

ಈಗ ಕಮೆಂಟ್ ಅಂದರೆ "ಸೂಪರ್", "ಅದ್ಭುತ", ಮೂರು ಚಪ್ಪಾಳೆ. ಕಥೆ ಹಾಕಿದ ಒಂದೇ ನಿಮಿಷಕ್ಕೆ ಬಂದು ಬೀಳುತ್ತವೆ. ಓದೋಕೆ ಎಂಟು ನಿಮಿಷವಾದರೂ ಬೇಕು, ಅಲ್ವಾ? ವಾರಕ್ಕೊಂದು ಕಥೆಯ ವಿಷಯ ಕೊಡುವುದನ್ನು ಯಾವುದೋ ಬಾಟ್‌ಗೆ, ತಾನಾಗಿ ಓಡುವ ಪ್ರೋಗ್ರಾಂಗೆ, ಒಪ್ಪಿಸಿದ್ದಾರೆ. 'ಕಳೆದುಹೋದ ಕೀಲಿಕೈ' ಈ ವರ್ಷ ನಾಲ್ಕು ಸಲ ಬಂತು. "ಇನ್ನೂ ಸಿಕ್ಕಿಲ್ವಾ?" ಅಂತ ಒಬ್ಬರು ಕೇಳಿದರು. ಅದಕ್ಕೂ ಉತ್ತರವಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಹೋದ ವರ್ಷ ಒಬ್ಬರು ನನ್ನ ಕಥೆಯಲ್ಲಿ ಪಾತ್ರದ ಹೆಸರು ಬದಲಿಸಿ ತಮ್ಮದೆಂದು ಹಾಕಿಕೊಂಡರು. ಒಂದು ಕಡೆ ಬದಲಿಸೋದು ಮರೆತಿದ್ದರು! ಸ್ಕ್ರೀನ್‌ಶಾಟ್ ಸಮೇತ ದೂರು ಕೊಟ್ಟೆ. "ಪರಿಶೀಲನೆಯಲ್ಲಿದೆ" ಅಂತ ಆ ಕ್ಷಣವೇ ಉತ್ತರ ಬಂತು. ಆಮೇಲೆ 23 ದಿನ ಸದ್ದಿಲ್ಲ. ಕೊನೆಗೆ ಓದುಗರು ಬೈದದ್ದಕ್ಕೆ ಕದ್ದವರೇ ತೆಗೆದರು. ಮಾಡರೇಟರ್‌ಗಳು ಮಾಡಿದ್ದು ಒಂದೇ ಕೆಲಸ, ಬೈದ ಕಮೆಂಟ್‌ಗಳನ್ನು ಅಳಿಸಿದ್ದು. ಅದೂ ಒಂದು ಗಂಟೆಯೊಳಗೆ.

ಅವರಿಗೆ ಸಂಬಳವಿಲ್ಲ, ಗೊತ್ತು. ಬಂದ ಕಥೆಯನ್ನೆಲ್ಲ ಓದಿ ಅನ್ನುವುದು ಅನ್ಯಾಯ. ಆದರೆ ರೆಡಿಟ್ ಎಂಬ ಚರ್ಚಾತಾಣದ ಡಿಸ್ಟ್ರಕ್ಟಿವ್ ರೀಡರ್ಸ್ ಗುಂಪನ್ನು ನಡೆಸುವವರೂ ಸಂಬಳವಿಲ್ಲದವರೇ. ಅಲ್ಲಿ ನಿಮ್ಮ ಬರಹ ಹಾಕುವ ಮೊದಲು ಕನಿಷ್ಠ ಅಷ್ಟೇ ಉದ್ದದ ಬೇರೆಯವರ ಬರಹಕ್ಕೆ ವಿಮರ್ಶೆ ಬರೆದಿರಬೇಕು. ಸುಮ್ನೆ ನಾಲ್ಕು ಸಾಲು ಗೀಚಿದರೆ ಮಾಡರೇಟರ್ ಬಂದು ನಿಮ್ಮ ಪೋಸ್ಟ್‌ಗೆ 'ಲೀಚ್' ಅಂತ ಗುರುತು ಹಾಕುತ್ತಾರೆ. ಜಿಗಣೆ ಅಂತ! ಒರಟು ನಿಜ. ಆದರೆ ಹಾಗನ್ನಬೇಕಾದರೂ ಯಾರಾದರೂ ಕೂತು ಓದಿರಬೇಕು.

ಚಿಕ್ಕ ವಿಷಯ ಅನ್ನಬೇಡಿ. ನವೆಂಬರ್ ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಸುತ್ತಿದ್ದ ನ್ಯಾನೋರೈಮೋ ಎಂಬ ಬರವಣಿಗೆ ಸವಾಲು ಶುರುವಾದದ್ದು 1999ರಲ್ಲಿ. 2023ರಲ್ಲಿ ಮಾಡರೇಶನ್ ಗಲಾಟೆಯಲ್ಲಿ ಅದರ ಚರ್ಚೆಯ ಜಾಗಕ್ಕೆ ಬೀಗ ಬಿತ್ತು. 2025ರಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆಯೇ ಮುಚ್ಚಿತು. ಹಣದ ತೊಂದರೆಯೂ ಇತ್ತೆನ್ನಿ.

ನಾನು ಖಾತೆ ಅಳಿಸಿಲ್ಲ. ಅಲ್ಲೇ ಪರಿಚಯವಾದ ನಾಲ್ವರು ಈಗ ಬೇರೆ ಗುಂಪು ಮಾಡಿಕೊಂಡಿದ್ದೇವೆ. ಬರೆಯುವುದು ಆ್ಯಪ್‌ನಲ್ಲಿ, ಜಗಳ ಹೊರಗೆ. ಬರೆದಿಡೋಕೆ ಜಾಗ ಬೇಕಿದ್ದರೆ ಧಾರಾಳವಾಗಿ ಇಳಿಸಿಕೊಳ್ಳಿ, ಓದುಗರು ಬೇಕಿದ್ದರೆ ಬೇಡ. ಒಂದು ಸ್ಟಾರ್ ಆಟೋಸೇವ್‌ಗೆ. ಇನ್ನೊಂದು, ಆ ಎರಡು ಪ್ಯಾರಾ ತೆಗೆಸಿದವರಿಗೆ.