ಕಾಂಗರೂ ಪಾ: ಮೆಲ್ಬರ್ನ್ ಜೇಡಿಮಣ್ಣಿನಲ್ಲಿ ಮೂರು ಗಿಡಗಳ ಅನುಭವ

ಮೆಲ್ಬರ್ನ್‌ನ ಪಶ್ಚಿಮಕ್ಕೆ ಮನೆ ಮಾಡಿರುವವರಿಗೆ ಇಲ್ಲಿನ ಮಣ್ಣು ಹೇಗೆ ಅಂತ ಗೊತ್ತೇ ಇದೆ. ಮಳೆ ಬಂದರೆ ಚಪ್ಪಲಿಗೆ ಮೆತ್ತಿಕೊಳ್ಳುವ ಜೇಡಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಈ ಮಣ್ಣಿನಲ್ಲೇ ನಾಲ್ಕು ವರ್ಷದಿಂದ ಕಾಂಗರೂ ಪಾ ಅನ್ನುವ ಆಸ್ಟ್ರೇಲಿಯಾದ ಹೂಗಿಡ ಬೆಳೆಸುತ್ತಿದ್ದೇನೆ. ಮೂರು ಬಗೆ ತಂದು ನೆಟ್ಟೆ. ಒಂದು ಸತ್ತಿತು, ಒಂದು ಚೆನ್ನಾಗಿದೆ, ಇನ್ನೊಂದರ ಹೂವಿನ ಕಡ್ಡಿ ಈಗ ನನ್ನ ಭುಜದೆತ್ತರ ಬರುತ್ತದೆ.

ಸತ್ತದ್ದು ಮ್ಯಾಂಗ್ಲೆಸಿ ಅನ್ನುವ ಜಾತಿ. ಕೆಂಪು ಕಡ್ಡಿ, ಹಸಿರು ಹೂವು, ಮೇಲೆಲ್ಲ ಮಖಮಲ್ಲಿನಂಥ ರೋಮ. ಇದು ವೆಸ್ಟರ್ನ್ ಆಸ್ಟ್ರೇಲಿಯಾದ ರಾಜ್ಯಪುಷ್ಪ, 1960ರಿಂದ. ಅಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನರ ಮಾತಿನಲ್ಲಿ ಇದಕ್ಕೆ ಕುರುಲ್‌ಬ್ರಾಂಗ್ ಅನ್ನುತ್ತಾರೆ. ಚಂದದಲ್ಲಿ ಇದನ್ನು ಮೀರಿಸುವ ಕಾಂಗರೂ ಪಾ ನಾನು ನೋಡಿಲ್ಲ. ಆದರೆ ಇದು ಪರ್ತ್ ಸುತ್ತಲಿನ ಮರಳು ನೆಲದ ಗಿಡ. ನಾನು ಕೊಂಡ ನರ್ಸರಿಯಲ್ಲಿ ಮಣ್ಣು ಯಾವುದು ಅಂತ ಯಾರೂ ಕೇಳಲಿಲ್ಲ, ಲೇಬಲ್ ಮೇಲೆ ‘ಸುಲಭದ ಗಿಡ’ ಅಂತ ಮಾತ್ರ ಇತ್ತು. ಮೊದಲ ಚಳಿಗಾಲದ ಮಳೆಗೇ ಎಲೆಯ ತುದಿ ಕಪ್ಪಾಯಿತು, ಆಮೇಲೆ ಶಾಯಿ ಚೆಲ್ಲಿದ ಹಾಗೆ ಕೆಳಗಿನವರೆಗೂ ಹರಡಿತು. ಇದನ್ನು ಇಲ್ಲಿ ಇಂಕ್ ಡಿಸೀಸ್ ಅಂತಲೇ ಕರೆಯುತ್ತಾರೆ. ಗಿಡ ಮಾರುವವರು ಈ ಒಂದು ಮಾತು ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಬೇಜಾರಾಗುತ್ತದೆ.

ಎರಡನೆಯದು ಬುಷ್ ಪರ್ಲ್. ಗುಲಾಬಿ ಬಣ್ಣ, ಹೆಚ್ಚುಕಡಿಮೆ ಮೊಣಕಾಲೆತ್ತರ. ಜಾಗ ಕಡಿಮೆ ಇರುವವರಿಗೆ, ಬಾಲ್ಕನಿಯ ಕುಂಡಕ್ಕೆ ಇದೇ ಸರಿ. ಹೂವು ತುಂಬಾ ದಿನ ಇರುತ್ತದೆ. ಎಲೆ ಸ್ವಲ್ಪ ಕಪ್ಪಾಗುತ್ತದೆ, ಬಸವನಹುಳುಗಳೂ ಬರುತ್ತವೆ, ಆದರೂ ತಾಳಿಕೊಂಡಿದೆ.

ಮೂರನೆಯದು ಬಿಗ್ ರೆಡ್. ಜೇಡಿಮಣ್ಣಿನವರು ಕಣ್ಣುಮುಚ್ಚಿ ಇದನ್ನೇ ತನ್ನಿ. ಇದು ಫ್ಲಾವಿಡಸ್ ಜಾತಿಯ ಕಡೆಯದು, ಆ ಜಾತಿ ತೇವದ ಜಾಗದಲ್ಲೂ ಬದುಕುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಅಂಗಡಿಯಲ್ಲಿ ಹೂವು ನೋಡಿ ಮರುಳಾಗುವ ಮೊದಲು ಲೇಬಲ್ ತಿರುಗಿಸಿ ಫ್ಲಾವಿಡಸ್ ಅಂತ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ. ನೆಡುವಾಗ ನಾನು ಜೇಡಿಯನ್ನು ಸಡಿಲ ಮಾಡುವ ಜಿಪ್ಸಮ್ ಪುಡಿ ಬೆರೆಸಿ, ಮಣ್ಣನ್ನು ಒಂದು ಅಡಿಯಷ್ಟು ದಿಬ್ಬ ಮಾಡಿದ್ದೆ. ಇಡೀ ದಿನ ಬಿಸಿಲು ಬೀಳುವ ಜಾಗ. ಮೊದಲ ಬೇಸಿಗೆ ವಾರಕ್ಕೊಮ್ಮೆ ಚೆನ್ನಾಗಿ ನೀರು ಹಾಕಿದೆ, ಈಗ ತೀರಾ ಸೆಕೆ ಇದ್ದಾಗ ಮಾತ್ರ. ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಇರಲಿ. ನಮಗೆ ಗಿಡ ಅಂದರೆ ಗೊಬ್ಬರ ಸುರಿಯುವ ಅಭ್ಯಾಸ, ಅಲ್ವಾ, ಆದರೆ ಇದು ಬಡ ಮಣ್ಣಿನಲ್ಲಿ ಹುಟ್ಟಿದ್ದು, ಕೋಳಿಗೊಬ್ಬರ ಬೇಡವೇ ಬೇಡ. ನೇಟಿವ್ ಗಿಡಗಳಿಗೆ, ಅಂದರೆ ಈ ದೇಶದ್ದೇ ಗಿಡಗಳಿಗೆ ಅಂತಲೇ ಫಾಸ್ಫರಸ್ ಕಡಿಮೆ ಇರುವ ಗೊಬ್ಬರ ಸಿಗುತ್ತದೆ, ಅದೇ ಸ್ವಲ್ಪ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕತ್ತರಿಸುವುದು. ‘ಈ ಗಿಡ ಎರಡು ವರ್ಷ ಅಷ್ಟೇ, ಆಮೇಲೆ ಒಣಗುತ್ತದೆ’ ಅಂತ ಕಿತ್ತೆಸೆದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ, ಸಂಕಟವಾಗುತ್ತದೆ. ಇದರ ಎಲೆಗಳು ಬೀಸಣಿಗೆಯ ಹಾಗೆ ಗುಂಪುಗುಂಪಾಗಿ ಏಳುತ್ತವೆ, ಒಂದು ಗುಂಪು ಹೂ ಬಿಡುವುದು ಒಂದೇ ಸಲ. ನಾನು ವಿಡಿಯೋ ಕಾಲ್‌ನಲ್ಲಿ ಒಣಗಿದ ಎಲೆ ತೋರಿಸಿ ಬೇಜಾರು ಮಾಡಿಕೊಂಡಾಗ ಅಮ್ಮ ಹೇಳಿದ್ದು ಇಷ್ಟೇ: “ಗೊನೆ ಕೊಟ್ಟ ಬಾಳೆ ಮತ್ತೆ ಗೊನೆ ಕೊಡುತ್ತಾ? ಕಡಿದು ಹಾಕು, ಪಕ್ಕದ ಕಂದು ಮೇಲೆ ಬರಲಿ.” ಅಮ್ಮ ಈ ಗಿಡ ನೋಡಿದ್ದು ಅದೇ ಮೊದಲು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಇದರ ತವರಿನಲ್ಲಿ ಕಾಡ್ಗಿಚ್ಚು ಹಳೆಯ ಎಲೆಯನ್ನೆಲ್ಲ ಸುಟ್ಟುಹಾಕುತ್ತದೆ, ನೆಲದೊಳಗೆ ಶುಂಠಿಯ ಹಾಗಿರುವ ಗೆಡ್ಡೆ ಮತ್ತೆ ಚಿಗುರುತ್ತದೆ. ನಮ್ಮ ಹಿತ್ತಿಲಲ್ಲಿ ಆ ಕೆಲಸ ಕತ್ತರಿಯದ್ದು. ಹೂವು ಮುಗಿದ ಮೇಲೆ, ಹೂ ಬಿಟ್ಟ ಗುಂಪನ್ನು ಎಲೆ ಸಮೇತ ಬುಡಕ್ಕೇ ಕತ್ತರಿಸುತ್ತೇನೆ. ಮೊದಲ ಸಲ ಕೈ ನಡುಗಿತು. ಮುಂದಿನ ವಸಂತಕ್ಕೆ ಬಿಗ್ ರೆಡ್‌ನಲ್ಲಿ ಹದಿನಾರು ಕಡ್ಡಿ ಬಂದವು. ಕಳೆದ ಏಪ್ರಿಲ್‌ನಲ್ಲಿ ಗೆಡ್ಡೆಯನ್ನು ಸಲಿಕೆಯಿಂದ ಸೀಳಿ ಇಬ್ಬರು ಗೆಳತಿಯರಿಗೆ ಕೊಟ್ಟೆ, ಎರಡೂ ಹತ್ತಿಕೊಂಡಿವೆ.

ಬೆಲೆ ನನಗೆ ಗಿಡಕ್ಕೆ ಹದಿನೈದು ಡಾಲರ್ ಆಸುಪಾಸು ಬಿತ್ತು. ಅದಕ್ಕೆ ಪ್ರತಿಯಾಗಿ ಸಿಗುವುದರಲ್ಲಿ ನನಗೆ ತೀರಾ ಇಷ್ಟವಾದದ್ದು ವಾಟಲ್‌ಬರ್ಡ್ ಅನ್ನುವ ಇಲ್ಲಿನ ಹಕ್ಕಿ. ಗಟ್ಟಿಯಾದ ಕಡ್ಡಿಯ ಮೇಲೆ ಕೂತು, ಬಗ್ಗಿ, ಹೂವಿನೊಳಗೆ ಕೊಕ್ಕು ತೂರಿಸಿ ಜೇನು ಹೀರುತ್ತದೆ, ಅಷ್ಟರಲ್ಲಿ ಹೂವು ಅದರ ತಲೆಗೆ ಪರಾಗ ಸವರಿರುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ಮೊದಲ ಕಡ್ಡಿಗಳು ಏಳುತ್ತವೆ. ಹೋದ ವರ್ಷ ಎರಡು ಕೊಯ್ದು ಮಂಟಪದ ಪಕ್ಕ ಹೂದಾನಿಯಲ್ಲಿ ಇಟ್ಟಿದ್ದೆ, ಗಣಪತಿಯನ್ನು ಬಿಟ್ಟು ವಾರ ಕಳೆದರೂ ಬಾಡಿರಲಿಲ್ಲ.